ಫುದೂಲ್ ಒಪ್ಪಂದ ಮತ್ತು ನಮ್ಮ ಯುವಕ ಸಂಘಗಳು

ಯಮನಿನ ಝುಬೈದ್ ಗೋತ್ರದ ವ್ಯಾಪಾರಿಯೊಬ್ಬ ಸರಕಿನೊಂದಿಗೆ ಮಕ್ಕಾಕ್ಕೆ ಬಂದ. ಆಸ್ ಬಿನ್ ವಾಇಲ್ ಎಂಬ ಕುರೈಷ್ ಮುಖಂಡ ಅದನ್ನು ಖರೀದಿಸಿದ. ಹಣ ಮಾತ್ರ ಕೊಡಲಿಲ್ಲ. ವ್ಯಾಪಾರಿ ಪರವೂರಿನವನು, ಬೆಂಬಲಕ್ಕೆ ಸ್ವಂತ ಗೋತ್ರದವರು ಯಾರೂ ಇರಲಿಲ್ಲ. ಊರ ಪ್ರಮುಖರ ಬಳಿ ಹೋಗಿ ಮೊರೆಯಿಟ್ಟ. ಆಸ್‌ನಂತಹ ಪ್ರತಿಷ್ಠಿತನನ್ನು ಎದುರುಹಾಕಿಕೊಳ್ಳಲು ಅವರು ಸಿದ್ಧರಾಗಲಿಲ್ಲ. ಕೊನೆಗೆ ಅವನು ಕಅಬಾದ ಸಮೀಪದ ಅಬೂ ಖುಬೈಸ್ ಬೆಟ್ಟವನ್ನೇರಿ ತನಗಾದ ಅನ್ಯಾಯವನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ.

ಆ ಕೂಗಿಗೆ ಓಗೊಟ್ಟು ಮುಂದೆ ಬಂದವರು ಪ್ರವಾದಿಯವರ(ಸ) ತಂದೆಯ ಸಹೋದರ ಝುಬೈರ್ ಬಿನ್ ಅಬ್ದುಲ್ ಮುತ್ತಲಿಬ್. ಹಾಶಿಮ್, ಮುತ್ತಲಿಬ್, ಅಸದ್, ಝುಹ್ರಾ ಮತ್ತು ತೈಮ್ ಮನೆತನಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿದರು. ಮಕ್ಕಾದಲ್ಲಿ ಯಾರ ಮೇಲೆ ಅಕ್ರಮ ನಡೆದರೂ, ಅವನು ಊರವನಿರಲಿ ಪರವೂರವನಿರಲಿ, ಅವನ ಹಕ್ಕು ಮರಳಿ ಸಿಗುವ ತನಕ ತಾವೆಲ್ಲ ಅವನ ಪರ ಒಂದಾಗಿ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅನಂತರ ಆಸ್‌ನ ಬಳಿಗೆ ಹೋಗಿ ವ್ಯಾಪಾರಿಯ ಸೊತ್ತನ್ನು ಮರಳಿ ಕೊಡಿಸಿದರು. ಇತಿಹಾಸದಲ್ಲಿ ಇದು ‘ಹಿಲ್ಫುಲ್ ಫುದೂಲ್’ ಎಂದು ಪ್ರಸಿದ್ಧವಾಗಿದೆ. (ಇದೇ ಆಸ್ ಮುಂದೆ ಕಮ್ಮಾರರಾಗಿದ್ದ ಖಬ್ಬಾಬ್‌ರ(ರ) ಕೂಲಿಯನ್ನೂ ಕೊಡದೆ, ಪರಲೋಕದಲ್ಲಿ ಕೊಡುತ್ತೇನೆಂದು ಗೇಲಿ ಮಾಡಿದ. ಕೆಲವರ ಸ್ವಭಾವ ಬದಲಾಗುವುದಿಲ್ಲ.)

ಆ ಸಭೆಯಲ್ಲಿ ಸುಮಾರು 20 ವರ್ಷ ಪ್ರಾಯದ ಮುಹಮ್ಮದ್(ಸ) ಅವರೂ ಇದ್ದರು. ಪ್ರವಾದಿತ್ವ ಲಭಿಸಲು ಇನ್ನೂ ಎರಡು ದಶಕಗಳಿದ್ದವು. ನಂತರದ ದಿನಗಳಲ್ಲಿ ಅವರು ಇದನ್ನು ನೆನಪಿಸಿಕೊಂಡು, ಆ ಒಪ್ಪಂದದ ಬದಲಿಗೆ ಕೆಂಪು ಒಂಟೆಗಳು ಸಿಕ್ಕರೂ ತನಗೆ ಬೇಡ, ಇಸ್ಲಾಮ್ ಬಂದ ಬಳಿಕವೂ ಅದರ ಹೆಸರಿನಲ್ಲಿ ಕರೆದರೆ ಓಗೊಡುವೆನು ಎಂದು ಹೇಳಿದ್ದಾರೆ. ಅರಬರಿಗೆ ಕೆಂಪು ಒಂಟೆಗಿಂತ ದೊಡ್ಡ ಸಂಪತ್ತಿರಲಿಲ್ಲ.

ಇಂದು ನಮ್ಮ ಮೊಹಲ್ಲಾಗಳಲ್ಲಿ ಯುವಕ ಸಂಘಗಳಿಗೆ ಕೊರತೆಯಿಲ್ಲ. ರಮಝಾನಿನಲ್ಲಿ ಅಕ್ಕಿ-ಬೇಳೆಯ ಕಿಟ್, ಶಾಲೆ ಆರಂಭವಾಗುವಾಗ ಪುಸ್ತಕ, ಆಸ್ಪತ್ರೆಯಿಂದ ಕರೆ ಬಂದರೆ ನಡುರಾತ್ರಿಯೂ ಎದ್ದು ಹೋಗಿ ರಕ್ತ ಕೊಡುವ ಹುಡುಗರು. ಇದನ್ನು ಕೀಳಾಗಿ ಕಾಣುವವನು ಕೃತಘ್ನನೇ ಸರಿ. ಆದರೆ ಫುದೂಲ್ ಒಪ್ಪಂದದವರು ವ್ಯಾಪಾರಿಗೆ ಒಂದಿಷ್ಟು ಹಣ ಸಂಗ್ರಹಿಸಿ ಕೊಟ್ಟು ಊರಿಗೆ ಕಳುಹಿಸಲಿಲ್ಲ ಎಂಬುದನ್ನು ಗಮನಿಸಬೇಕು. ಹಾಗೆ ಮಾಡುವುದು ಬಹಳ ಸುಲಭವಿತ್ತು, ಆಸ್‌ಗೂ ಬೇಸರವಾಗುತ್ತಿರಲಿಲ್ಲ. ಅವರು ಹೋದದ್ದು ಹಕ್ಕು ಕಸಿದವನ ಬಾಗಿಲಿಗೆ. ಅವನು ಅವರದೇ ಕುರೈಷ್ ವಂಶದವನು.

ಇದನ್ನು ನಮ್ಮ ಒಂದು ಪರಿಚಿತ ದೃಶ್ಯಕ್ಕೆ ಹೋಲಿಸಿ ನೋಡಿ. ಶುಕ್ರವಾರ ಜುಮಾ ಮುಗಿದೊಡನೆ ಬಡ ತಂದೆಯೊಬ್ಬ ಜಮಾಅತಿನ ಪತ್ರ ಹಿಡಿದು ಮಸೀದಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಮಗಳ ಮದುವೆ ನಿಶ್ಚಯವಾಗಿದೆ, ಸಹಾಯ ಮಾಡಿ ಎಂದು ಪತ್ರದಲ್ಲಿದೆ. ಸಂಘದ ಹುಡುಗರು ಟವೆಲ್ ಹರವಿ ಹಣ ಸಂಗ್ರಹಿಸುತ್ತಾರೆ. ಇಷ್ಟು ಪವನ್ ಚಿನ್ನ, ಇಷ್ಟು ನಗದು ಎಂದು ಕೇಳಿದವರು ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ನಾವು ಸದಖದ ಪ್ರತಿಫಲ ಬಯಸಿ ಕೊಟ್ಟ ಹಣ ನೇರವಾಗಿ ಕೇಳಿದವನ ಮನೆಗೆ ಹೋಗುತ್ತದೆ. ಮುಂದಿನ ತಿಂಗಳು ಇನ್ನೊಬ್ಬ ತಂದೆ ಅದೇ ಬಾಗಿಲಿಗೆ ಬರುತ್ತಾನೆ. ಟವೆಲ್ ಹರವಿದ ಹುಡುಗರಲ್ಲೇ ಒಬ್ಬನ ಮದುವೆ ನಿಶ್ಚಯವಾದಾಗ “ನಾನೇನೂ ಕೇಳಿಲ್ಲ, ಮನೆಯವರು ಮಾತಾಡಿದ್ದಾರೆ” ಎನ್ನುತ್ತಾನೆ!

ಮಹ್ರನ್ನು ಸಂತೋಷದಿಂದ ಹೆಣ್ಣಿಗೆ ಕೊಡಬೇಕೆಂದು ಅಲ್ಲಾಹನು ಗಂಡಿಗೆ ಆಜ್ಞಾಪಿಸಿದ್ದಾನೆ (ಅನ್ನಿಸಾ: 4). ಕೊಡಬೇಕಾದವನೇ ಕೈಯೊಡ್ಡುವ ಈ ತಲೆಕೆಳಗಾದ ಪದ್ಧತಿಗೆ ಶರೀಅತ್‌ನಲ್ಲಿ ಆಧಾರವಿಲ್ಲ. ದೇಶದ ಕಾನೂನು ಕೂಡ ಇದನ್ನು 1961ರಲ್ಲೇ ನಿಷೇಧಿಸಿದೆ. ಹಾಗಿದ್ದೂ ಇದು ನಿಂತಿಲ್ಲವೆಂದರೆ, ನಿಲ್ಲಿಸುವ ಶಕ್ತಿ ಇರುವುದು ಮದುವೆಯಾಗಬೇಕಾದ ಯುವಕರ ಕೈಯಲ್ಲೇ. ಹೊಸದಾಗಿ ಸಂಘ ಕಟ್ಟುವವರು ಬ್ಯಾನರ್ ಬರೆಸುವ ಮುನ್ನ ಒಂದು ಕೆಲಸ ಮಾಡಲಿ. ಅವಿವಾಹಿತ ಸದಸ್ಯರೆಲ್ಲ ತಾವೂ ಕೇಳುವುದಿಲ್ಲ, ಮನೆಯವರಿಗೂ ಕೇಳಗೊಡುವುದಿಲ್ಲ ಎಂದು ಹಿರಿಯರ ಎದುರು ಮಾತು ಕೊಡಲಿ. ಸಹಾಯದ ಪತ್ರ ಬಂದಾಗ ಇಬ್ಬರು ಪ್ರಾಯಸ್ಥರನ್ನು ಕರೆದುಕೊಂಡು ಮೊದಲು ಗಂಡಿನ ಮನೆಗೆ ಹೋಗಿ ಮಾತಾಡಲಿ. ಹುಡುಗಿಯ ಹೆಸರು ಊರಲ್ಲಿ ಸುದ್ದಿಯಾಗದಂತೆ, ಸಂಬಂಧ ಕೆಡದಂತೆ, ನಯವಾಗಿ. ಎಲ್ಲ ಕಡೆಯೂ ಫಲಿಸದು. ಆದರೆ ನಾಲ್ಕು ಜನ ಕೇಳಲು ಬರುತ್ತಾರೆಂದು ತಿಳಿದರೆ ಬೇಡಿಕೆಯಿಡುವ ನಾಲಿಗೆ ಸ್ವಲ್ಪವಾದರೂ ತಡವರಿಸುತ್ತದೆ.

“ಮಕ್ಕಳಿಗೆ ಇದೆಲ್ಲ ಯಾಕೆ?” ಎಂಬ ಮಾತು ಬಂದೇ ಬರುತ್ತದೆ. ಗುಜರಾತಿನ ಬಾಂಟ್ವಾದಲ್ಲಿ 1928ರಲ್ಲಿ ಹುಟ್ಟಿ, 1947ರಲ್ಲಿ ಕರಾಚಿ ಸೇರಿದ ಅಬ್ದುಸ್ಸತ್ತಾರ್ ಈದಿಯವರು ಯೌವನದಲ್ಲಿ ತಮ್ಮ ಮೇಮನ್ ಸಮುದಾಯದ ಔಷಧಾಲಯದಲ್ಲಿ ಸೇವೆಗೆ ಸೇರಿದ್ದರು. ಅಲ್ಲಿ ಮೇಮನರಿಗೆ ಮಾತ್ರ ಔಷಧಿ ಎಂದು ತಿಳಿದಾಗ ಅದನ್ನು ಬಹಿರಂಗವಾಗಿ ಪ್ರಶ್ನಿಸಿ ಹೊರಬಂದರು. 1951ರಲ್ಲಿ ಎಲ್ಲರಿಗೂ ತೆರೆದಿರುವ ಸಣ್ಣದೊಂದು ಔಷಧಾಲಯ ಆರಂಭಿಸಿದರು. 1957ರಲ್ಲಿ ಫ್ಲೂ ಹರಡಿದಾಗ ಡೇರೆ ಹಾಕಿ ರೋಗಿಗಳನ್ನು ನೋಡಿಕೊಂಡರು. ಹಳೆಯ ವ್ಯಾನೊಂದು ಅವರ ಮೊದಲ ಆಂಬುಲೆನ್ಸ್ ಆಯಿತು. 2016ರಲ್ಲಿ ಅವರು ನಿಧನರಾದಾಗ ಆ ಸಂಸ್ಥೆಯ ಆಂಬುಲೆನ್ಸ್ ಜಾಲ ಪಾಕಿಸ್ತಾನದಾದ್ಯಂತ ಹರಡಿತ್ತು. ಸ್ವಂತದವರನ್ನು ಪ್ರಶ್ನಿಸಿದ ದಿನ ಅವರೂ ಇಪ್ಪತ್ತರ ಆಸುಪಾಸಿನ ಹುಡುಗರೇ.

ಹಣದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪ್ರವಾದಿ ಯೂಸುಫ್(ಅ) ಭಂಡಾರದ ಹೊಣೆ ಕೇಳಿದಾಗ ತಾನು ಕಾಯಬಲ್ಲವನು ಮತ್ತು ತಿಳಿದವನು ಎಂಬ ಎರಡೇ ಅರ್ಹತೆಗಳನ್ನು ಹೇಳಿದರು (ಯೂಸುಫ್: 55). ಪ್ರಾಮಾಣಿಕನಾಗಿದ್ದು ಲೆಕ್ಕ ಬಾರದವನನ್ನು ಖಜಾಂಚಿ ಮಾಡಬೇಡಿ. ಲೆಕ್ಕವನ್ನು ವರ್ಷಕ್ಕೊಮ್ಮೆ ಮಸೀದಿಯ ಫಲಕದಲ್ಲಿ ಹಾಕಿ.

ಒಪ್ಪಂದ ನಡೆದ ಮನೆಯ ಯಜಮಾನನ ಬಗ್ಗೆ ಒಂದು ಹದೀಸ್ ಇದೆ. ಇಬ್ನು ಜುದ್‌ಆನ್ ಕುಟುಂಬ ಸಂಬಂಧ ಜೋಡಿಸುತ್ತಿದ್ದ, ಬಡವರಿಗೆ ಉಣಬಡಿಸುತ್ತಿದ್ದ. ಅದು ಅವನಿಗೆ ಪ್ರಯೋಜನವಾದೀತೇ ಎಂದು ಆಇಶಾ(ರ) ಕೇಳಿದರು. ಇಲ್ಲ, ಅಂತಿಮ ದಿನದಂದು ತನ್ನ ಪಾಪಗಳನ್ನು ಕ್ಷಮಿಸೆಂದು ಅವನು ಒಂದು ದಿನವೂ ತನ್ನ ಪ್ರಭುವಿನಲ್ಲಿ ಬೇಡಲಿಲ್ಲ ಎಂದು ಪ್ರವಾದಿಯವರು(ಸ) ಉತ್ತರಿಸಿದರು (ಮುಸ್ಲಿಮ್). ಕಿಟ್ ಕೊಡುವಾಗ ಫೋಟೋ ಹಿಡಿಯುವ ನಮ್ಮ ಸಂಘಗಳು ಈ ಹದೀಸನ್ನು ಒಮ್ಮೆ ಕೂತು ಓದಬೇಕು.

ಇನ್ನು, ಕೊಟ್ಟ ಮಾತು ಎಷ್ಟು ಕಾಲ ಬಾಳುತ್ತದೆ? ಹುಡುಗರು ಕೆಲಸ ಹುಡುಕಿ ಗಲ್ಫಿಗೆ ಹೋದೊಡನೆ ಸಂಘವೂ ಮುಚ್ಚುವುದು ನಮ್ಮಲ್ಲಿ ಸಾಮಾನ್ಯ. ಫುದೂಲ್ ಒಪ್ಪಂದವಾಗಿ ಹಲವು ದಶಕಗಳು ಕಳೆದ ಬಳಿಕ, ಮದೀನಾದ ರಾಜ್ಯಪಾಲ ವಲೀದ್ ಬಿನ್ ಉತ್ಬಾನಿಗೂ ಪ್ರವಾದಿಯವರ(ಸ) ಮೊಮ್ಮಗ ಹುಸೈನ್‌ರಿಗೂ(ರ) ಸೊತ್ತಿನ ವಿಷಯದಲ್ಲಿ ವಿವಾದವಾಯಿತು. ವಲೀದ್ ಅಧಿಕಾರದ ಬಲದಿಂದ ಹಕ್ಕನ್ನು ತಡೆದಾಗ, ತನಗೆ ನ್ಯಾಯ ಸಿಗದಿದ್ದರೆ ಮಸೀದಿಯಲ್ಲಿ ನಿಂತು ಫುದೂಲ್ ಒಪ್ಪಂದದ ಹೆಸರಿನಲ್ಲಿ ಕರೆ ಕೊಡುವೆನೆಂದು ಹುಸೈನ್(ರ) ಹೇಳಿದರು. ಅಲ್ಲೇ ಇದ್ದ ಅಬ್ದುಲ್ಲಾ ಬಿನ್ ಝುಬೈರ್(ರ), ಹಾಗೆ ಕರೆದರೆ ತಾನೂ ಜೊತೆಗೆ ನಿಲ್ಲುವೆನೆಂದರು. ಸುದ್ದಿ ತಿಳಿದ ಇನ್ನಿಬ್ಬರು ಕೂಡ ಅದೇ ಮಾತು ಹೇಳಿದರು. ಒಪ್ಪಂದ ಮಾಡಿದ ತಲೆಮಾರು ಆಗಲೇ ಮಣ್ಣು ಸೇರಿತ್ತು. ವಲೀದ್ ಹುಸೈನ್‌ರ(ರ) ಹಕ್ಕನ್ನು ಒಪ್ಪಿಸಿಬಿಟ್ಟ.