ಗುತ್ತಲದ ಗುತ್ತರಸರು: ವಂಶಾವಳಿಯಲ್ಲಿ ಎರಡು ಬಗೆಯ ಸತ್ಯ

ಹಾವೇರಿ ತಾಲ್ಲೂಕಿನ ಗುತ್ತಲವು ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಗುತ್ತರೆಂಬ ಮಾಂಡಲಿಕ ಮನೆತನದ ನೆಲೆವೀಡಾಗಿತ್ತು. ಈ ಮನೆತನಕ್ಕೆ ಸಂಬಂಧಿಸಿದ ಶಾಸನಗಳು ತುಂಗಭದ್ರೆಯ ದಂಡೆಯ ಹರಳಹಳ್ಳಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಮುಂತಾದ ಸ್ಥಳಗಳಲ್ಲಿ ದೊರೆತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಅವರು ಇವುಗಳನ್ನು ಆಧರಿಸಿ ಗುತ್ತರ ವಂಶಾವಳಿಯನ್ನು ಸಿದ್ಧಪಡಿಸಿದರು. ಅನಂತರದ ಬರೆಹಗಳಲ್ಲಿ ಈ ವಂಶಾವಳಿ ಪುನರುಕ್ತಗೊಳ್ಳುತ್ತ ಬಂದಿದೆಯಾದರೂ ಅದರ ಎಲ್ಲ ಭಾಗಗಳಿಗೂ ಒಂದೇ ಬಗೆಯ ಪ್ರಾಮಾಣ್ಯ ಇದೆಯೇ ಎಂಬ ಪ್ರಶ್ನೆ ಸಾಕಷ್ಟು ಚರ್ಚೆಗೆ ಒಳಗಾಗಿಲ್ಲ. ಮನೆತನದ ಪ್ರಮುಖ ಅರಸನಾದ ಇಮ್ಮಡಿ ವೀರವಿಕ್ರಮಾದಿತ್ಯನನ್ನು ಕೇಂದ್ರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರು ಮತ್ತು ಹಿರಿಮೆ

ಗುತ್ತರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದು, ಉಜ್ಜಯಿನಿಯ ವಿಕ್ರಮಾದಿತ್ಯನ ಪೀಳಿಗೆಯವರೆಂದು ಕರೆದುಕೊಂಡಿದ್ದಾರೆ. ‘ಉಜ್ಜಯಿನೀಪುರವರಾಧೀಶ್ವರ’ ಎಂಬುದು ಅವರ ಬಿರುದು. ಸಿಂಹ ಅವರ ಲಾಂಛನ. ಆಲದ ಮರ ಮತ್ತು ಗರುಡ ಅವರ ಧ್ವಜಚಿಹ್ನೆಗಳು. ‘ಗುತ್ತ’ ಎಂಬುದು ‘ಗುಪ್ತ’ ಶಬ್ದದ ತದ್ಭವವಾಗಿರುವುದರಿಂದ ಈ ಹೇಳಿಕೆಗೆ ಮೇಲ್ನೋಟಕ್ಕೆ ಭಾಷಿಕ ಬೆಂಬಲ ದೊರೆಯುತ್ತದೆ. ಊರಿನ ಹಳೆಯ ಹೆಸರಾದ ‘ಗುತ್ತವೊಳಲ್’ ಎಂಬುದೂ ‘ಗುತ್ತ’ ಮತ್ತು ‘ಪೊಳಲ್’ ಶಬ್ದಗಳ ಸಮಾಸವೇ ಆಗಿದೆ. ಉತ್ತರಪದದ ಪಕಾರಕ್ಕೆ ವಕಾರ ಆದೇಶವಾಗಿ ಬಂದಿದೆ.

ಆದರೆ ಹೆಸರಿನ ಸಾಮ್ಯವು ವಂಶದ ಸಂಬಂಧವನ್ನು ಸಿದ್ಧಪಡಿಸುವುದಿಲ್ಲ. ಗುಪ್ತರಿಗೂ ಕರ್ನಾಟಕಕ್ಕೂ ಇದ್ದ ನಂಟಿಗೆ ಬಲವಾದ ಆಧಾರ ತಾಳಗುಂದದ ಸ್ತಂಭಶಾಸನ. ಕದಂಬ ಕಾಕುಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂಬುದು ಅದರ ಆಶಯ. ಇಲ್ಲಿಂದ ಹೆಣ್ಣು ಹೋದ ಈ ಸಂಗತಿಯು ಅಲ್ಲಿಂದ ಒಂದು ಕುಲ ಬಂದು ನೆಲೆಸಿತೆಂಬುದಕ್ಕೆ ಆಧಾರವಾಗಲಾರದು. ಮೇಲಾಗಿ ಐದನೆಯ ಶತಮಾನದ ಆ ಸಂಬಂಧಕ್ಕೂ ಗುತ್ತರ ಶಾಸನಗಳಿಗೂ ನಡುವೆ ಸುಮಾರು ಏಳು ಶತಮಾನಗಳ ಅಂತರವಿದೆ.

ಇದನ್ನು ಗುತ್ತರೊಬ್ಬರ ಉತ್ಪ್ರೇಕ್ಷೆಯೆಂದು ಪರಿಗಣಿಸುವುದೂ ಸರಿಯಲ್ಲ. ಹಾನಗಲ್ಲಿನ ಕದಂಬರು ‘ಬನವಾಸಿಪುರವರಾಧೀಶ್ವರ’ರು, ಸವದತ್ತಿಯ ರಟ್ಟರು ‘ಲತ್ತಲೂರ್ಪುರವರಾಧೀಶ್ವರ’ರು, ಶಿಲಾಹಾರರು ‘ತಗರಪುರವರಾಧೀಶ್ವರ’ರು, ಕಳಚುರಿಗಳು ‘ಕಾಲಂಜರಪುರವರಾಧೀಶ್ವರ’ರು. ಸೇವುಣರೂ ಹೊಯ್ಸಳರೂ ದ್ವಾರಾವತಿಯ ಹೆಸರನ್ನೇ ತಮ್ಮದಾಗಿಸಿಕೊಂಡರು. ಇವರಲ್ಲಿ ಬಹುತೇಕರು ಆ ಪುರಗಳಲ್ಲಿ ಆಳುತ್ತಿರಲಿಲ್ಲ. ಆದ್ದರಿಂದ ‘ಪುರವರಾಧೀಶ್ವರ’ ಎಂಬುದನ್ನು ಆಳ್ವಿಕೆಯ ಭೂಗೋಳವಾಗಿ ಓದದೆ ಕುಲಪ್ರತಿಷ್ಠೆಯ ಪರಿಭಾಷೆಯಾಗಿ ಓದಬೇಕಾಗುತ್ತದೆ.

ವಿಕ್ರಮಾದಿತ್ಯ ಮತ್ತು ಅವನ ಬಂಧುವರ್ಗ

ಇಮ್ಮಡಿ ವಿಕ್ರಮಾದಿತ್ಯನು ಇಮ್ಮಡಿ ಗುತ್ತನ ಮಗ. ಜೋಮ ಅಥವಾ ಜೋಯಿದೇವನು ಇವನ ತಂದೆಯ ಸೋದರ. ಗುತ್ತ, ವಿಕ್ರಮಾದಿತ್ಯ, ಜೋಯಿದೇವ ಎಂಬ ಹೆಸರುಗಳೇ ಮನೆತನದಲ್ಲಿ ಮರಳಿ ಮರಳಿ ಬರುತ್ತವೆ. ಹಿರಿಯರ ಹೆಸರನ್ನು ಮಕ್ಕಳಿಗಿಡುವ ವಾಡಿಕೆ ಇದಕ್ಕೆ ಕಾರಣ. ‘ಒಂದನೆಯ’, ‘ಎರಡನೆಯ’ ಎಂಬ ಸಂಖ್ಯೆಗಳು ಆಧುನಿಕ ವಿದ್ವಾಂಸರು ಕೊಟ್ಟವು ಎಂಬುದನ್ನು ಮರೆಯಬಾರದು. ವಿಕ್ರಮಾದಿತ್ಯನ ಮಗಳು ತುಳುವಲದೇವಿಯು ಸಾಂತಳಿಗೆಯ ಬಲ್ಲಾಳನ ಪತ್ನಿ. ಈ ಬಲ್ಲಾಳನು ಹೊಯ್ಸಳ ವೀರಬಲ್ಲಾಳನಲ್ಲ. ದೂರದ ಉಜ್ಜಯಿನಿಯ ಹೆಸರು ಹೇಳುವ ಮನೆತನವು ಬೀಗತನಕ್ಕೆ ಆರಿಸಿಕೊಂಡದ್ದು ಮಲೆನಾಡಿನಂಚಿನ ನೆರೆಯ ಮನೆತನವನ್ನು. ಅದರ ರಾಜಕೀಯ ಜಗತ್ತಿನ ನಿಜವಾದ ಅಳತೆ ಈ ಮದುವೆಯಲ್ಲಿ ಕಾಣುತ್ತದೆ.

ವಿಕ್ರಮಾದಿತ್ಯನ ಉಲ್ಲೇಖಗಳು 1182ರಿಂದ 1213ರವರೆಗೆ ಹರಡಿವೆ. ಈ ಮೂರು ದಶಕಗಳಲ್ಲಿ ಕಳಚುರಿಗಳ ಪ್ರಭುತ್ವ ಕುಸಿಯಿತು. ಚಾಲುಕ್ಯ ನಾಲ್ಕನೆಯ ಸೋಮೇಶ್ವರನ ಪುನರುತ್ಥಾನದ ಯತ್ನ ಅಲ್ಪಕಾಲದಲ್ಲಿ ಮುಗಿಯಿತು. ಹೊಯ್ಸಳ ಇಮ್ಮಡಿ ಬಲ್ಲಾಳ ಮತ್ತು ಸೇವುಣ ಭಿಲ್ಲಮರು ಸೊರಟೂರಿನಲ್ಲಿ ಸೆಣಸಿದರು. 1196ರಲ್ಲಿ ಬಲ್ಲಾಳನು ಹಾನಗಲ್ಲನ್ನು ಮುತ್ತಿದನು. ಮುಂದೆ ಸೇವುಣ ಸಿಂಘಣನ ಅಧಿಕಾರ ಈ ಪ್ರದೇಶವನ್ನು ವ್ಯಾಪಿಸಿತು. ವಿಕ್ರಮಾದಿತ್ಯನು ಮೊದಲು ಕಳಚುರಿ ಆಹವಮಲ್ಲನ ಕಾಲದಲ್ಲಿ ಕಾಣಿಸಿಕೊಂಡರೆ, ಅವನ ನಂತರದ ಜೋಯಿದೇವನು 1238ರಲ್ಲಿ ಸಿಂಘಣನ, ಮುಮ್ಮಡಿ ಗುತ್ತನು 1262ರಲ್ಲಿ ಸೇವುಣ ಮಹಾದೇವನ ಕಾಲಕ್ಕೆ ಸೇರುತ್ತಾರೆ. ಮೇಲಿನ ಪ್ರಭುಗಳು ಬದಲಾದರೂ ಚಂದ್ರಗುಪ್ತನ ವಂಶದವರೆಂಬ ಹೆಮ್ಮೆ ಬದಲಾಗಲಿಲ್ಲ. ಯಾವ ಚಕ್ರವರ್ತಿಯೂ ಕೊಡದ, ಆದ್ದರಿಂದ ಯಾವ ಚಕ್ರವರ್ತಿಯೂ ಕಿತ್ತುಕೊಳ್ಳಲಾಗದ ಹಿರಿಮೆಯೊಂದು ಇಂಥ ಮನೆತನಕ್ಕೆ ಅಗತ್ಯವಾಗಿತ್ತು.

ಶಿಲೆಯ ಎರಡು ಭಾಗಗಳು

ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳನ್ನು ವಸುಂಧರಾ ಮತ್ತು ಪಿಯೇರ್ ಸಿಲ್ವೇನ್ ಫಿಲಿಯೋಜಾ ಅವರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಲಾಕುಳ ಶೈವ ಪರಂಪರೆಯ ಮುಕ್ತಜೀಯರೂ 1225ರಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿದ ವೀರಶೈವ ಸಂತ ಶಿವದೇವರೂ ಈ ಶಾಸನಗಳಿಂದಲೇ ಪರಿಚಿತರು. ಅಂಬಿಗರ ಚೌಡಯ್ಯನಿಗೆ ದಾನವಾಗಿ ಬಂದ ಊರಿದು ಎಂಬುದು ಸ್ಥಳೀಯ ಐತಿಹ್ಯ. ಅರಸನೊಬ್ಬನ ಮನೆತನವು ತನ್ನ ಹೊಳೆದಂಡೆಯ ಗುರುಪರಂಪರೆಗಳೊಂದಿಗೆ ಹೇಗೆ ಬೆರೆತಿತ್ತೆಂಬುದನ್ನು ಈ ಕ್ಷೇತ್ರವು ತಿಳಿಸುತ್ತದೆ.

ಆ ಕಾಲದ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳನ್ನು ಗುರುತಿಸಬಹುದು. ಸ್ತುತಿ, ಪ್ರಭುವಿನ ವರ್ಣನೆ, ಕುಲಪ್ರಶಂಸೆಗಳಿರುವ ಭಾಗ ಚಂಪೂಕಾವ್ಯದ ರೀತಿಯದು. ಅದರ ಕರ್ತೃ ಕವಿ. ಅಲ್ಲಿ ಉಜ್ಜಯಿನಿಗೆ ಅವಕಾಶವುಂಟು. ತಿಥಿ, ದತ್ತಿ, ಎಲ್ಲೆ, ದಾನಿ ಮತ್ತು ಪ್ರತಿಗ್ರಾಹಿಗಳನ್ನು ಹೇಳುವ ಭಾಗವು ವ್ಯವಹಾರದ್ದು. ಹೊಲದ ಮೇರೆಯನ್ನು ತಪ್ಪಾಗಿ ಕೆತ್ತಿಸಿದರೆ ಊರಿನ ಒಕ್ಕಲು ಅದನ್ನು ಒಪ್ಪುವುದಿಲ್ಲ; ಚಂದ್ರಗುಪ್ತನ ಹೆಸರನ್ನು ಕೆತ್ತಿಸಿದರೆ ಆಕ್ಷೇಪಿಸುವವರು ಯಾರೂ ಇಲ್ಲ. ತಂದೆ, ತಾಯಿ, ಪತ್ನಿ, ಮಗಳು, ಅಳಿಯರ ಹೆಸರುಗಳು ಕಾವ್ಯಭಾಗದಲ್ಲಿ ಬಂದಾಗಲೂ ಈ ಎರಡನೆಯ ಬಗೆಯ ಸತ್ಯಕ್ಕೇ ಸೇರುತ್ತವೆ. ಏಕೆಂದರೆ ಅವರನ್ನು ಕಂಡು ಬಲ್ಲವರು ಶಾಸನದ ಸುತ್ತಲೇ ಇದ್ದರು. ಹೀಗಾಗಿ ವಂಶಾವಳಿಯು ಶಾಸನದ ಕಾಲದಿಂದ ಹಿಂದಕ್ಕೆ ಸರಿದಂತೆಲ್ಲ ಸಾಕ್ಷಿಯ ಬಲವನ್ನು ಕಳೆದುಕೊಂಡು ಕಾವ್ಯದ ಬಲವನ್ನು ಪಡೆಯುತ್ತದೆ.

ಇದೇ ಜಿಲ್ಲೆಯ ಮತ್ತೊಂದು ನಿದರ್ಶನವನ್ನು ಇದರೊಂದಿಗೆ ಹೋಲಿಸಬಹುದು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರು ಪೂರ್ವಾಶ್ರಮದಲ್ಲಿ ಬಾಡದ ತಿಮ್ಮಪ್ಪನಾಯಕರೆಂಬ ದಣ್ಣಾಯಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಕೃತಿಗಳು ಉಳಿದು ನಾಯಕತನ ಐತಿಹ್ಯವಾಯಿತು. ಇಲ್ಲಿ ನಾಯಕತನ ಕಲ್ಲಿನಲ್ಲಿ ಉಳಿದು ಜನರ ನೆನಪಿನಿಂದ ಸರಿಯಿತು. ಒಂದೆಡೆ ಐತಿಹ್ಯವನ್ನೂ ಇನ್ನೊಂದೆಡೆ ಬಿರುದನ್ನೂ ನೇರ ಚರಿತ್ರೆಯೆಂದು ಸ್ವೀಕರಿಸುವುದು ಒಂದೇ ಬಗೆಯ ದೋಷವಾಗುತ್ತದೆ.

ಗುತ್ತರ ಉಜ್ಜಯಿನಿಯನ್ನು ಸುಳ್ಳೆಂದು ತಳ್ಳಿಹಾಕುವುದರಿಂದ ಸಂಶೋಧನೆಗೆ ಲಾಭವಿಲ್ಲ. ನಿಜವೆಂದು ನಂಬುವುದರಿಂದ ಹಾನಿಯಿದೆ. ಅದು ಹನ್ನೆರಡನೆಯ ಶತಮಾನದ ತುಂಗಭದ್ರಾತೀರದ ಅರಸನೊಬ್ಬನ ಆಕಾಂಕ್ಷೆಗೆ ಸಾಕ್ಷಿಯೇ ಹೊರತು ಅವನ ಪೂರ್ವಜರಿಗೆ ಸಾಕ್ಷಿಯಲ್ಲ. ಶಾಸನವನ್ನು ಪಾಠ ಹೇಳುವಾಗ ಈ ಎರಡು ಸತ್ಯಗಳನ್ನು ಬೇರ್ಪಡಿಸಿ ತೋರಿಸಿದರೆ ಚಂದ್ರಗುಪ್ತನಷ್ಟೇ ಅಲ್ಲದೆ ತುಳುವಲದೇವಿಯೂ ವಿದ್ಯಾರ್ಥಿಯ ಗಮನಕ್ಕೆ ಬರುತ್ತಾಳೆ.