ಮೀನುತೊಟ್ಟಿಗೆ ಅಂಗಡಿಯ ಸಾಮಾನು: ಯಾವುದು ಆಗುತ್ತದೆ, ಯಾವುದು ಆಗದು



ಮನೆಯಂಗಳದಲ್ಲಿ ಚಿಕ್ಕದೊಂದು ಸಿಮೆಂಟು ತೊಟ್ಟಿ ಕಟ್ಟಿ, ಅಥವಾ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುವುದು ಕಷ್ಟದ ಕೆಲಸವಲ್ಲ. ಬೇಕಾದ ಸಿಮೆಂಟು, ಕೊಳವೆ, ಅಂಟು, ಬಕೆಟ್ಟು ಎಲ್ಲವೂ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಹೊಸ ತೊಟ್ಟಿಗೆ ಸಂಜೆ ಬಿಟ್ಟ ಮೀನು ಬೆಳಗಾಗುವಷ್ಟರಲ್ಲಿ ಸತ್ತು ತೇಲುವುದೂ ಉಂಟು. ಆಗ ಮೀನೇ ರೋಗದ್ದು ಎನ್ನುತ್ತೇವೆ. ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ. ಅನೇಕ ವೇಳೆ ತಪ್ಪು ಮೀನಿನದಲ್ಲ, ನಾವು ಬಳಸಿದ ಸಾಮಾನಿನದು.

ಕಾರಣವೇನು?

ನಾವು ನೀರನ್ನು ಕುಡಿಯುತ್ತೇವೆ. ಮೀನು ನೀರಿನಲ್ಲೇ ಉಸಿರಾಡುತ್ತದೆ. ಅದರ ಕಿವಿರುಗಳ ಚರ್ಮ ಬಹಳ ತೆಳು. ನೀರಿನಲ್ಲಿ ಕರಗಿದ ವಿಷವು ಹಗಲೂ ರಾತ್ರಿ ಆ ಕಿವಿರುಗಳಿಗೆ ತಾಗುತ್ತಲೇ ಇರುತ್ತದೆ. ಆದುದರಿಂದ ಮನುಷ್ಯರಿಗೆ ತೊಂದರೆ ಕೊಡದ ವಸ್ತುವೂ ಮೀನನ್ನು ಕೊಲ್ಲಬಹುದು. ಸಾಮಾನು ಗಟ್ಟಿಯಾಗಿದೆಯೇ ಎಂದಷ್ಟೇ ನೋಡಿದರೆ ಸಾಲದು. ಅದರಿಂದ ನೀರಿಗೆ ಏನು ಬಿಡುತ್ತದೆ ಎಂಬುದನ್ನೂ ನೋಡಬೇಕು.

1. ಸಿಮೆಂಟು

ಹೊಸ ಸಿಮೆಂಟಿನಿಂದ ಸುಣ್ಣದ ಅಂಶವು ನೀರಿಗೆ ಇಳಿಯುತ್ತದೆ. ನೀರಿನ ಹುಳಿ-ಕ್ಷಾರವನ್ನು ಅಳೆಯುವ ಪಿ.ಎಚ್. ಮಾನದಲ್ಲಿ 7 ಎಂದರೆ ಸಮ. ಸಾಕುವ ಮೀನುಗಳಲ್ಲಿ ಹೆಚ್ಚಿನವಕ್ಕೆ 6.5ರಿಂದ 8.5ರವರೆಗಿನ ನೀರು ಒಗ್ಗುತ್ತದೆ. ಹೊಸ ತೊಟ್ಟಿಯ ನೀರು 11, 12ರವರೆಗೂ ಏರಬಹುದು. ಅದರಲ್ಲಿ ಕಿವಿರುಗಳು ಸುಡುತ್ತವೆ. ಅಲ್ಲದೆ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವು ಕ್ಷಾರದ ನೀರಿನಲ್ಲಿ ಹೆಚ್ಚು ವಿಷವಾಗುತ್ತದೆ.

ಗಾರೆ ಗಟ್ಟಿಯಾದ ಮೇಲೆ ತೊಟ್ಟಿಯನ್ನು ಅಂಚಿನವರೆಗೆ ತುಂಬಿ, ಮೂರು ನಾಲ್ಕು ದಿನ ಬಿಟ್ಟು, ಖಾಲಿ ಮಾಡಿ, ಗೋಡೆಯನ್ನು ಚೆನ್ನಾಗಿ ಉಜ್ಜಿರಿ. ಹೀಗೆ ಎರಡು ಮೂರು ವಾರ ಮಾಡಬೇಕು. ನಡುವೆ ಒಂದು ಸಲ ಬಾಳೆಯ ಕಾಂಡವನ್ನು ತುಂಡು ಮಾಡಿ ನೀರಿನಲ್ಲಿ ಕೆಲವು ದಿನ ಕೊಳೆಯಲು ಬಿಡುವುದು ರೂಢಿಯಲ್ಲಿದೆ. ಕೊಳೆತಾಗ ಹುಟ್ಟುವ ಹುಳಿಯು ಸುಣ್ಣದ ಉರಿಯನ್ನು ಕಡಿಮೆ ಮಾಡುತ್ತದೆ. ಆದರೆ ಕೊಳೆತ ನೀರಿನಲ್ಲಿ ಮೀನಿಗೆ ಉಸಿರು ಸಾಲದು. ಅದನ್ನು ಪೂರ್ತಿ ಚೆಲ್ಲಿ, ತೊಟ್ಟಿ ತೊಳೆದು ಹೊಸ ನೀರು ತುಂಬಬೇಕು.

ಪರೀಕ್ಷೆಗೆ ಮನೆಯ ಅರಿಶಿನವೇ ಸಾಕು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ನೀರು ಕೆಂಪಾಗುವುದನ್ನು ಎಲ್ಲರೂ ಬಲ್ಲೆವು. ಬಿಳಿಯ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿರಿ. ತೊಟ್ಟಿಯಲ್ಲಿ ಎರಡು ದಿನ ನಿಂತ ನೀರನ್ನು ಅದರ ಮೇಲೆ ಒಂದು ತೊಟ್ಟು ಬಿಡಿರಿ. ಕೆಂಪಗಾದರೆ ತೊಟ್ಟಿ ಇನ್ನೂ ಸಿದ್ಧವಾಗಿಲ್ಲ. ಹಳದಿಯಾಗಿಯೇ ಉಳಿದರೆ ಮೊದಲು ಎರಡೇ ಮೀನು ಬಿಟ್ಟು, ಒಂದೆರಡು ದಿನ ನೋಡಿ, ಉಳಿದವನ್ನು ಬಿಡಿರಿ.

2. ಲೋಹ

ಜಿ.ಐ. ಕೊಳವೆ, ಜಿ.ಐ. ಬಕೆಟ್ಟು, ಜಿ.ಐ. ತಂತಿಬಲೆಗಳಿಗೆ ಸತುವಿನ ಲೇಪವಿರುತ್ತದೆ. ಸತು ಕರಗಿದರೆ ಮೀನಿಗೆ ವಿಷ. ತಾಮ್ರ, ಹಿತ್ತಾಳೆಗಳೂ ಕೂಡದು. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದಲ್ಲಿರುವುದು ತಾಮ್ರವೇ. ಅಡಿಕೆಯ ಕೊಳೆರೋಗವನ್ನು ತಡೆಯುವ ಆ ತಾಮ್ರ ಮೀನನ್ನೂ ಬಸವನಹುಳುವನ್ನೂ ಬಿಡುವುದಿಲ್ಲ. ನೀರು ಹುಳಿಯಾಗಿ, ಮೆದುವಾಗಿ ಇದ್ದಷ್ಟೂ ಲೋಹ ಬೇಗ ಕರಗುತ್ತದೆ. ಬಲೆಯ ಮುಚ್ಚಳ ಬೇಕಾದರೆ ಪ್ಲಾಸ್ಟಿಕ್ಕಿನದನ್ನು ಹಾಕಿರಿ.

3. ಕೊಳವೆ ಮತ್ತು ಅಂಟು

ಕುಡಿಯುವ ನೀರಿಗಾಗಿ ಮಾಡಿದ, ಐ.ಎಸ್. 4985 ಗುರುತಿರುವ ಪಿ.ವಿ.ಸಿ. ಕೊಳವೆಯನ್ನು ಕೊಳ್ಳಿರಿ. ವಿದ್ಯುತ್ ತಂತಿ ಹಾಯಿಸುವ ಕೊಳವೆ ಬೇರೆ, ಅದು ಬೇಡ. ಜೋಡಿಸುವ ಅಂಟು ಪೂರ್ತಿ ಒಣಗಿ ವಾಸನೆ ಹೋದ ಮೇಲೆ ತೊಳೆದು ಬಳಸಿರಿ.

ಗಾಜಿನ ತೊಟ್ಟಿ ಸೋರಿದರೆ ಯಾವ ಬಣ್ಣವೂ ಔಷಧವೂ ಸೇರದ ಶುದ್ಧ ಸಿಲಿಕೋನ್ ಅಂಟು ಬೇಕು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಅಂಟಿನಲ್ಲಿ ವಿಷವಿರುತ್ತದೆ, ಅದನ್ನು ಕೊಳ್ಳಬೇಡಿ. ಈ ಕೆಲಸಕ್ಕೆ ಒಗ್ಗುವ ಸಿಲಿಕೋನ್ ಒಣಗುವಾಗ ಸಾಮಾನ್ಯವಾಗಿ ವಿನಿಗರಿನ ಹುಳಿವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರವಾದರೂ, ಕಾಯಿರಿ. ತೊಟ್ಟಿಯ ಒಳಮೈಗೆ ಮನೆಯ ಎಣ್ಣೆಬಣ್ಣ ಬಳಿಯಕೂಡದು.

4. ಕಲ್ಲು, ಮರಳು

ಮರಳನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಲ್ಲಿನ ಮೇಲೆ ನಿಂಬೆರಸ ಹಿಂಡಿರಿ. ನೊರೆಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ನೀರನ್ನು ಗಡುಸು ಮಾಡುತ್ತದೆ. ಬೇರೆ ಕಲ್ಲು ಹುಡುಕಿರಿ.

5. ಬಕೆಟ್ಟು ಮತ್ತು ಕೈ

ಕೀಟನಾಶಕ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಮೀನಿಗೆ ಬಳಸಬಾರದು. ಹತ್ತಿ, ತರಕಾರಿಗೆ ಹೊಡೆಯುವ ಸೈಪರ್‌ಮೆಥ್ರಿನ್‌ನಂಥ ಔಷಧ ಅತಿ ಸ್ವಲ್ಪ ಬೆರೆತರೂ ಮೀನು ಉಳಿಯದು. ಹೊಸ ಪ್ಲಾಸ್ಟಿಕ್ ಬಕೆಟ್ಟೊಂದನ್ನು ತೊಟ್ಟಿಗೆಂದೇ ಬೇರೆ ಇಡಿರಿ. ಸಿಂಪರಣೆ ಮಾಡಿ ಬಂದವರು ಸ್ನಾನವಾಗುವವರೆಗೆ ತೊಟ್ಟಿಗೆ ಕೈ ಹಾಕಬೇಡಿ. ನಲ್ಲಿಯ ಕ್ಲೋರಿನ್ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಬಳಸಿರಿ.

6. ವಿದ್ಯುತ್ತು

ಇಲ್ಲಿ ಹೋಗಬಹುದಾದುದು ಮನುಷ್ಯನ ಪ್ರಾಣ. ಪಂಪಿನ ತಂತಿಯು ತೊಟ್ಟಿಯಿಂದ ನೇರವಾಗಿ ಪ್ಲಗ್ಗಿಗೆ ಹೋಗದೆ, ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ. ಆಗ ತಂತಿಯ ಮೇಲಿನ ನೀರು ಪ್ಲಗ್ಗಿಗೆ ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿರಿ. ಮಕ್ಕಳಿಗೂ ಇದನ್ನು ಕಲಿಸಿರಿ.

ಕಡೆಯ ಮಾತು

ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿರಿ: ಇದು ಕುಡಿಯುವ ನೀರಿಗೆ ಆಗುತ್ತದೆಯೇ? ಇದಕ್ಕೆ ಲೋಹದ ಲೇಪವಿದೆಯೇ? ಇದರಲ್ಲಿ ಬೂಷ್ಟಿನ ಔಷಧ ಸೇರಿದೆಯೇ? ಉತ್ತರ ಸ್ಪಷ್ಟವಿಲ್ಲದಿದ್ದರೆ ಆ ಸಾಮಾನು ಬೇಡ. ಸಾಕಿ ಬೇಡವಾದ ಹೊರನಾಡಿನ ಮೀನುಗಳನ್ನು ಊರ ಕೆರೆಗೆ ಬಿಡಬೇಡಿ. ಅಲ್ಲಿನ ಮೀನುಗಳಿಗೆ ಅವು ಕೇಡು.

ತೊಟ್ಟಿ ಕಟ್ಟಿದ ದಿನವೇ ಮೀನು ಬಿಡೋಣವೆಂದು ಮಕ್ಕಳು ಅವಸರ ಮಾಡುತ್ತಾರೆ. ಅರಿಶಿನದ ಕಾಗದವನ್ನು ಅವರ ಕೈಗೇ ಕೊಟ್ಟು ದಿನವೂ ಪರೀಕ್ಷೆ ಮಾಡಿಸಿರಿ. ಮೂರು ವಾರ ಕಾಯುವುದೂ ಆಗುತ್ತದೆ, ಪಾಠವೂ ಆಗುತ್ತದೆ.