ಮೂರು ಮಿಲಿಮೀಟರ್ ಬಿಲ್ಲೆ, ಆರ್ಗಾನಿನ ಉಜ್ಜು

ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದವರಿಗೆ ಬೆಳಗಿನ ಹೊತ್ತಿಗೆ ತಿರುವನಂತಪುರ. ಕೊಚ್ಚಿಗೆ ಹೋಗುವವರು ದಾರಿಯಲ್ಲೇ ಎರ್ನಾಕುಲಂನಲ್ಲಿ ಇಳಿಯಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಂದಾಗ ಕರಾವಳಿಯ ಸಂಶೋಧನಾ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ತೆಂಕಲ ದಾರಿಯಲ್ಲೂ ಎರಡು ಒಳ್ಳೆಯ ವಿಳಾಸಗಳಿವೆ.

ಒಂದು, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ (ಕುಸಾಟ್) ಆವರಣದಲ್ಲಿರುವ ‘ಸ್ಟಿಕ್’ ಪರೀಕ್ಷಾ ಕೇಂದ್ರ. ಕೇರಳ ಸರ್ಕಾರ ಮತ್ತು ವಿಶ್ವವಿದ್ಯಾಲಯ ಸೇರಿ 1996ರಲ್ಲಿ ಕಟ್ಟಿದ್ದು. ಇಲ್ಲಿನ 200 ಕಿಲೋವೋಲ್ಟ್‌ನ ಜಿಯೋಲ್ ಯಂತ್ರದ ಹೆಸರು ದಕ್ಷಿಣ ಭಾರತದ ಎಷ್ಟೋ ಪ್ರಬಂಧಗಳಲ್ಲಿ ಕಾಣಸಿಗುತ್ತದೆ. ಇನ್ನೊಂದು, ತಿರುವನಂತಪುರದ ಪಾಪ್ಪನಂಕೋಡಿನಲ್ಲಿರುವ ಸಿಎಸ್‌ಐಆರ್‌ನ ‘ನಿಸ್ಟ್’. 1975ರಲ್ಲಿ ಶುರುವಾದ ಈ ಪ್ರಯೋಗಾಲಯದ 300 ಕಿಲೋವೋಲ್ಟ್‌ನ ಟೆಕ್ನಾಯ್ ಯಂತ್ರದಿಂದಲೂ ಹಲವು ಪ್ರಬಂಧಗಳಿಗೆ ಚಿತ್ರ ಒದಗಿದೆ.

ಯಂತ್ರ ಎಷ್ಟು ದೊಡ್ಡದಾದರೂ ಅದಕ್ಕೊಂದು ಹಟವಿದೆ. ಎಲೆಕ್ಟ್ರಾನುಗಳು ಮಾದರಿಯನ್ನು ತೂರಿ ಆಚೆ ಹೋದರೆ ಮಾತ್ರ ಚಿತ್ರ. ಹಾಗೆ ತೂರಬೇಕಿದ್ದರೆ ಮಾದರಿಯ ದಪ್ಪ ಸುಮಾರು 100 ನ್ಯಾನೋಮೀಟರ್ ದಾಟಬಾರದು. ಪರಮಾಣು ಸಾಲುಗಳೇ ಕಾಣಬೇಕೆಂದರೆ 50ಕ್ಕಿಂತ ಕಡಿಮೆ ಇರಬೇಕು. 20 ಆದರೆ ಇನ್ನೂ ಒಳ್ಳೆಯದು. ತಲೆಕೂದಲಿನ ದಪ್ಪವೇ 70–80 ಸಾವಿರ ನ್ಯಾನೋಮೀಟರ್. ಲೋಹವನ್ನೋ ಪಿಂಗಾಣಿಯನ್ನೋ ಇಷ್ಟು ತೆಳುವಾಗಿಸುವ ಕೊನೆಯ ಹಂತಕ್ಕೆ ಬಳಸುವುದೇ ಆರ್ಗಾನ್ ಅಯಾನ್ ಮಿಲ್ಲಿಂಗ್.

ಮೊದಲು, ಬೇಕೇ ಎಂದು ಕೇಳಿಕೊಳ್ಳಿ

ನ್ಯಾನೋ ಪುಡಿ ತಯಾರಿಸಿದವರಿಗೆ ಇದರ ಗೊಡವೆಯೇ ಬೇಡ. ಎಥನಾಲ್‌ನಲ್ಲಿ ಚಿಟಿಕೆ ಪುಡಿ ಕದಡಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ಬಿಡಿಬಿಡಿಯಾಗಿಸಿ, ಇಂಗಾಲದ ಪೊರೆಯಿರುವ ತಾಮ್ರದ ಗ್ರಿಡ್ ಮೇಲೆ ಒಂದು ಹನಿ ಬಿಟ್ಟು ಒಣಗಿಸಿದರೆ ಸಾಕು. ಬರೀ ಲೋಹವಾದರೆ ವಿದ್ಯುತ್ ರಾಸಾಯನಿಕ ಪಾಲಿಶ್ ಬೇಗ ಮುಗಿಯುತ್ತದೆ, ಅಯಾನುಗಳ ಹೊಡೆತದ ಗಾಯವೂ ಇರುವುದಿಲ್ಲ.

ಮಿಲ್ಲಿಂಗ್ ಬೇಕಾಗುವುದು ಎರಡು ಬಗೆಯ ವಸ್ತು ಒಂದರ ಪಕ್ಕ ಒಂದು ಇದ್ದಾಗ. ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಬೆರೆಸಿ ಎರಕ ಹೊಯ್ದ ಸಂಯುಕ್ತ ಲೋಹವನ್ನೇ ನೋಡಿ. ತಿರುವನಂತಪುರದ ಪ್ರಯೋಗಾಲಯ ದಶಕಗಳಿಂದ ಕೆಲಸ ಮಾಡುತ್ತ ಬಂದಿರುವ ವಸ್ತು ಇದು. ಆಮ್ಲದಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಕಣ ಕರಗದೆ ಉದುರಿಹೋಗುತ್ತದೆ. ನೋಡಬೇಕಾದ್ದು ಎರಡೂ ಸೇರುವ ಅಂಚನ್ನು, ಅದೇ ಇಲ್ಲವಾಗುತ್ತದೆ. ಅಯಾನುಗಳು ಎರಡನ್ನೂ ಸವೆಸುತ್ತವೆ. ಆದ್ದರಿಂದ ಮುಂದಿನ ಹೆಜ್ಜೆಗಳಿಗೆ ಈ ಸಂಯುಕ್ತವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಕೈಕೆಲಸವೇ ಮುಕ್ಕಾಲು

ನಿಧಾನವಾಗಿ ತಿರುಗುವ ವಜ್ರದ ಗರಗಸದಿಂದ ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಕತ್ತರಿಸಿ. ಇಲ್ಲೊಂದು ಎಚ್ಚರ: ಕರಗಿದ ಅಲ್ಯೂಮಿನಿಯಂ ಸಿಲಿಕಾನ್ ಕಾರ್ಬೈಡ್ ಜೊತೆ ವರ್ತಿಸಿದರೆ ಅಂಚಿನಲ್ಲಿ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟುತ್ತದೆ. ನೀರು ಸೋಕಿದರೆ ಅದು ಹಾಳಾಗುತ್ತದೆ. ನೀರು ಸುರಿದು ಕತ್ತರಿಸಿ, ನೀರು ಸುರಿದು ಉಜ್ಜಿ, ‘ಅಂಚಿನಲ್ಲಿ ಕಾರ್ಬೈಡ್ ಕಾಣಲಿಲ್ಲ’ ಎಂದು ಬರೆದರೆ ತಪ್ಪು ಎರಕದ್ದಲ್ಲ, ನಲ್ಲಿಯದು. ಎಣ್ಣೆ ಅಥವಾ ಆಲ್ಕೋಹಾಲ್ ಆಧಾರಿತ ದ್ರವ ಬಳಸುವುದೇ ಕ್ಷೇಮ.

ಹಾಳೆಯನ್ನು ಗಾಜಿಗೋ ಲೋಹದ ತಳಕ್ಕೋ ಅಂಟಿಸಿ ಎಮೆರಿ ಕಾಗದದ ಮೇಲೆ ಉಜ್ಜಬೇಕು. ಕಾಯಿಸಿ ಕರಗಿಸುವ ಮೇಣ ವಾಡಿಕೆಯಲ್ಲಿದೆ. ಬಿಸಿ ತಾಗಬಾರದ ಮಿಶ್ರಲೋಹವಾದರೆ ಅಸಿಟೋನ್‌ನಲ್ಲಿ ಬಿಡುವ ದಿಢೀರ್ ಅಂಟು ಮೇಲು. ಒರಟಿನಿಂದ ನಯಕ್ಕೆ, ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವಾಗ ಅನುಭವಿಗಳ ಲೆಕ್ಕ ಹೀಗಿದೆ: ಕಾಗದದ ಕಣ ಎಷ್ಟು ದಪ್ಪವೋ ಅದರ ಸುಮಾರು ಮೂರರಷ್ಟು ಆಳಕ್ಕೆ ಗಾಯವಾಗಿರುತ್ತದೆ. ಮುಂದಿನ ಕಾಗದ ಅಷ್ಟನ್ನೂ ತೆಗೆಯಬೇಕು. ಅವಸರದವರು ಎಡವುವುದು ಇಲ್ಲೇ. ಒರಟು ಕಾಗದ ಬಿಟ್ಟ ಗೀರನ್ನು ಅಯಾನುಗಳು ಅಳಿಸುವುದಿಲ್ಲ.

ಎರಡೂ ಬದಿ ಉಜ್ಜಿ 80–100 ಮೈಕ್ರೋಮೀಟರ್‌ಗೆ ಇಳಿಸಿದ ಮೇಲೆ 3 ಮಿಲಿಮೀಟರ್ ವ್ಯಾಸದ ಬಿಲ್ಲೆ ತೆಗೆಯಿರಿ. ಮೆತ್ತನೆಯ ಲೋಹಕ್ಕೆ ಪಂಚ್ ಸಾಕು. ಕಣ ಬೆರೆತ ಸಂಯುಕ್ತಕ್ಕೂ ಪಿಂಗಾಣಿಗೂ ಅಲ್ಟ್ರಾಸಾನಿಕ್ ಕಟರ್ ಬೇಕು. ಆಮೇಲೆ ಡಿಂಪ್ಲರ್. ಪುಟ್ಟ ಚಕ್ರವೊಂದು ವಜ್ರದ ಪೇಸ್ಟ್ ಹಚ್ಚಿಕೊಂಡು ತಿರುಗುತ್ತ ಬಿಲ್ಲೆಯ ನಡುವೆ ಕುಳಿ ತೋಡುತ್ತದೆ. ಅಂಚು ದಪ್ಪವಾಗಿಯೇ ಇರುವುದರಿಂದ ಚಿಮಟದಲ್ಲಿ ಹಿಡಿಯಬಹುದು. ನಡುವೆ 10–20 ಮೈಕ್ರೋಮೀಟರ್ ಉಳಿದಾಗ ನಿಲ್ಲಿಸಿ. ಸಿಲಿಕಾನ್ ಮಾದರಿಯವರಿಗೆ ಅಳತೆಗೋಲು ಸುಲಭ: ಹತ್ತು ಮೈಕ್ರೋಮೀಟರ್ ಸುಮಾರಿಗೆ ಕೆಳಗಿನಿಂದ ಬಿಟ್ಟ ಬೆಳಕು ಕೆಂಪಾಗಿ ತೂರಿ ಬರುತ್ತದೆ.

ಆರ್ಗಾನಿನ ಸರದಿ

ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೇ ಶೇ 0.93ರಷ್ಟಿದೆ. ಯಾವುದರ ಜೊತೆಗೂ ಬೆರೆಯದ ಅನಿಲ, ಸಾಕಷ್ಟು ಭಾರದ ಪರಮಾಣು, ಅಗ್ಗ. ಈ ಕೆಲಸಕ್ಕೆ ಬೇಕಾದ ಮೂರೂ ಗುಣ ಒಂದರಲ್ಲೇ. ಶೇ 99.999 ಶುದ್ಧತೆಯ ಸಿಲಿಂಡರನ್ನೇ ಕೇಳಿ ಪಡೆಯಿರಿ. ನಿರ್ವಾತ ಕೋಣೆಯಲ್ಲಿ ಎರಡು ಗನ್ನುಗಳು ಅಯಾನುಗಳನ್ನು ಹಾರಿಸುತ್ತವೆ, ಬಿಲ್ಲೆ ನಿಧಾನವಾಗಿ ತಿರುಗುತ್ತಿರುತ್ತದೆ, ಮೇಲ್ಮೈ ಪರಮಾಣುಗಳು ಒಂದೊಂದಾಗಿ ಎದ್ದುಹೋಗುತ್ತವೆ.

5 ಕಿಲೋವೋಲ್ಟ್, ಮೇಲೆ ಕೆಳಗೆ 4ರಿಂದ 6 ಡಿಗ್ರಿ ಕೋನ ಶುರುವಿಗೆ ಸರಿ. ಬಡಗಿ ಕೀಸುಳಿಯನ್ನು ಮರಕ್ಕೆ ಒರಗಿಸಿಯೇ ಎಳೆಯುತ್ತಾನಲ್ಲ, ಇಲ್ಲೂ ಕೋನ ತಗ್ಗಿದಷ್ಟೂ ಉಬ್ಬು ಮಾತ್ರ ಸವೆಯುತ್ತದೆ, ಅಯಾನು ಒಳಗಿಳಿಯುವುದು ಕಡಿಮೆ. ಕೋನ ಹೆಚ್ಚಿಸಿದರೆ ಕೆಲಸ ಬೇಗ ಮುಗಿದರೂ ಅಲ್ಯೂಮಿನಿಯಂ ಗುಳಿ ಬಿದ್ದು ಕಾರ್ಬೈಡ್ ಕಣ ದಿಬ್ಬವಾಗಿ ನಿಲ್ಲುತ್ತದೆ.

ಗಂಟೆಗೆ ಕೆಲವೇ ಮೈಕ್ರೋಮೀಟರ್ ಸವೆತ. ನಡುವೆ ಸಣ್ಣ ತೂತು ಕಂಡ ಕ್ಷಣ ನಿಲ್ಲಿಸಿ. ನೋಡಬೇಕಾದ ತೆಳು ಭಾಗ ಇರುವುದು ಆ ತೂತಿನ ಅಂಚಿನಲ್ಲಿ. ಇಷ್ಟಕ್ಕೇ ಬಿಲ್ಲೆ ತೆಗೆದುಬಿಟ್ಟರೆ ಅರ್ಧ ಶ್ರಮ ವ್ಯರ್ಥ. 5 ಕಿಲೋವೋಲ್ಟ್‌ನ ಹೊಡೆತ ಸಿಲಿಕಾನ್‌ನಂಥ ವಸ್ತುವಿನ ಎರಡೂ ಬದಿಯಲ್ಲಿ ಕೆಲವು ನ್ಯಾನೋಮೀಟರ್ ಆಳದವರೆಗೆ ಪರಮಾಣು ಸಾಲುಗಳನ್ನು ಕಲಸಿಬಿಡುತ್ತದೆ. ಇಪ್ಪತ್ತು ನ್ಯಾನೋಮೀಟರ್ ಹಾಳೆಯಲ್ಲಿ ಬದಿಗೆ ಐದರಂತೆ ಹೋದರೆ ಉಳಿಯುವುದು ಅರ್ಧ. ಅದಕ್ಕೇ 2 ಕಿಲೋವೋಲ್ಟ್‌ನಲ್ಲಿ ಹತ್ತು ನಿಮಿಷ, ಮತ್ತೆ ಅರ್ಧ ಕಿಲೋವೋಲ್ಟ್‌ನಲ್ಲಿ ಅಷ್ಟೇ ಹೊತ್ತು ಉಜ್ಜಿ ಮುಗಿಸಬೇಕು.

ಬಿಸಿಯ ಕತೆ ಬೇರೆ. ಇಸ್ರೋ ರಾಕೆಟ್ಟುಗಳ ಇಂಧನ ಟ್ಯಾಂಕಿಗೆ ಬಳಸುವ ಎಎ2219 ಮಿಶ್ರಲೋಹದಲ್ಲಿ ಶೇ 6ರ ಆಸುಪಾಸು ತಾಮ್ರವಿದೆ. ಅದಕ್ಕೆ ಗಟ್ಟಿತನ ಬರುವುದು 160–190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಏಜಿಂಗ್ ಮಾಡಿದಾಗ ಮೂಡುವ ಅತಿಸೂಕ್ಷ್ಮ ಕಣಗಳಿಂದ. ಅಯಾನು ಬಡಿದು ಬಡಿದು ಬಿಲ್ಲೆಯೇ ನೂರು ಡಿಗ್ರಿ ದಾಟಿದರೆ ಆ ಕಣಗಳು ಮಿಲ್ಲಿಂಗ್ ಯಂತ್ರದೊಳಗೇ ಬದಲಾಗಬಹುದು. ದ್ರವ ಸಾರಜನಕದ ತಂಪು ಹೋಲ್ಡರ್ ಇರುವುದು ಇದಕ್ಕೇ. ಕೆಲಸ ಮುಗಿದ ಕೂಡಲೇ ಬಾಗಿಲು ತೆಗೆಯಬೇಡಿ. ಜೂನ್‌ನ ಕೊಚ್ಚಿಯ ಗಾಳಿ ತಣ್ಣಗಿನ ಬಿಲ್ಲೆಯ ಮೇಲೆ ಹಿಮವಾಗಿ ಕೂರುತ್ತದೆ. ಕೋಣೆಯ ಉಷ್ಣತೆಗೆ ಬರುವ ತನಕ ಕಾಯಬೇಕು.

ಇಂಥ ಮಿಶ್ರಲೋಹದ ಬಿಲ್ಲೆಗೆ ಆಧಾರವಾಗಿ ತಾಮ್ರದ ಉಂಗುರ ಅಂಟಿಸುವುದೂ ಬೇಡ. ಉಂಗುರದ ತಾಮ್ರ ಸಿಡಿದು ಮಾದರಿಯ ಮೇಲೆ ಕೂತರೆ ಎಕ್ಸ್-ರೇ ವಿಶ್ಲೇಷಣೆಯಲ್ಲಿ ಯಾವುದು ಲೋಹದ ತಾಮ್ರ, ಯಾವುದು ಉಂಗುರದ್ದು ಹೇಳಲಾಗದು. ಮಾಲಿಬ್ಡಿನಂ ಉಂಗುರ ಸಿಗುತ್ತದೆ.

ಚವರದ ಮರಳಿಗೆ ಬೇರೆ ದಾರಿ

ಕೊಲ್ಲಂ ಬಳಿಯ ಚವರದ ಕಪ್ಪು ಮರಳನ್ನು ನೋಡುವವರಿಗೆ ಇಷ್ಟೆಲ್ಲ ತೆಳುವಾಗಿಸುವ ಅಗತ್ಯವಿಲ್ಲದಿರಬಹುದು. ಈ ಮರಳಿನ ಇಲ್ಮನೈಟ್ ಖನಿಜದಲ್ಲಿ ಟೈಟಾನಿಯಂ ಡೈಆಕ್ಸೈಡ್ ಶೇ 60ರ ಸುಮಾರಿಗಿದೆ. ಕಬ್ಬಿಣ ಕೊಚ್ಚಿಹೋಗಿ ಸರಂಧ್ರವಾದ ಅಂಚುಗಳೇ ಇದರ ಕಾರಣ ಹೇಳುತ್ತವೆ. ಎಮೆರಿಯಲ್ಲಿ ಉಜ್ಜಿದರೆ ಆ ಅಂಚುಗಳೇ ಮೊದಲು ಉದುರುತ್ತವೆ. ಕಣಗಳನ್ನು ಎಪಾಕ್ಸಿಯಲ್ಲಿ ಹೂತು, ಲೋಹದ ತಡೆಫಲಕದ ಆಚೆಗೆ ಕೂದಲೆಳೆಯಷ್ಟು ಮಾತ್ರ ಚಾಚಿ, ಅಗಲವಾದ ಅಯಾನು ಕಿರಣದಿಂದ ಕೆಲವು ಗಂಟೆ ಕೊರೆದರೆ ರಂಧ್ರಗಳೂ ಹಾಗೇ ಉಳಿದ ಅಡ್ಡಕೊಯ್ತ ಸಿಗುತ್ತದೆ. ಮೇಲ್ಮೈಯನ್ನಷ್ಟೇ ನೋಡುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅಷ್ಟು ಸಾಕು.

ಯಂತ್ರದ ಸಮಯ ಕಾಯ್ದಿರಿಸಲು ಸಂಸ್ಥೆಗಳ ಜಾಲತಾಣ ನೋಡಿ. ದೇಶದ ಉಪಕರಣಗಳನ್ನು ಒಂದೆಡೆ ಪಟ್ಟಿ ಮಾಡಿರುವ ಐ-ಸ್ಟೆಮ್ ಪೋರ್ಟಲ್ 2020ರ ಜನವರಿಯಿಂದ ಇದೆ. ಬಿಲ್ಲೆ ಸಿದ್ಧವಾಗಿ ಬರಬೇಕೇ, ಮಿಲ್ಲಿಂಗ್ ಅಲ್ಲೇ ಆಗುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬಿಲ್ಲೆಗಳನ್ನು ಗ್ರಿಡ್ ಡಬ್ಬಿಯಲ್ಲಿಟ್ಟು, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಒಯ್ಯಿರಿ. ಯಾವ ಗೂಡಿನಲ್ಲಿ ಯಾವ ಮಾದರಿ, ಎಷ್ಟು ವೋಲ್ಟ್, ಯಾವ ಕೋನ, ಎಷ್ಟು ಹೊತ್ತು ಎಂಬುದು ಚೀಟಿಯಲ್ಲಿರಲಿ. ಮಾದರಿ ಅಯಸ್ಕಾಂತಕ್ಕೆ ಅಂಟುವಂಥದ್ದಾದರೆ ಅರ್ಜಿಯಲ್ಲಿ ಮೊದಲೇ ಬರೆಯಬೇಕು; ಬಿಡಿ ಕಣವೊಂದು ಹಾರಿ ಸೂಕ್ಷ್ಮದರ್ಶಕದ ಮಸೂರಕ್ಕೆ ಅಂಟಿಕೊಂಡರೆ ದುರಸ್ತಿಗೆ ಯಂತ್ರವನ್ನೇ ನಿಲ್ಲಿಸಬೇಕಾಗಬಹುದು.